ಬಾಡಿಗೆಮನೆಯ ಹಿತ್ತಲಲ್ಲಿ ಆಟದ ಹಾಸು

ಕೊಳ್ಳೇಗಾಲ, ಹನೂರು, ಯಳಂದೂರುಗಳ ಹಳೆಯ ಮನೆಗಳಿಗೆ ಉಳಿದಿರುವ ಒಂದು ಐಶ್ವರ್ಯವೆಂದರೆ ಹಿತ್ತಲು. ಬೆಂಗಳೂರಿನ ಗೃಹಸ್ಥನು ಒಂದು ತುಳಸಿಗಿಡಕ್ಕೆ ಸ್ಥಳ ಸಾಲದೆ ಪರಿತಪಿಸುತ್ತಿರುವಾಗ, ನಮ್ಮ ಕಡೆಯ ಬಾಡಿಗೆಮನೆಗೂ ಬಾವಿ, ನುಗ್ಗೆಮರ, ಬಟ್ಟೆ ಒಗೆಯುವ ಕಲ್ಲುಗಳಿರುವ ಹಿತ್ತಲು ದೊರೆಯುವುದುಂಟು. ಮೈಸೂರು ಬೆಂಗಳೂರುಗಳಲ್ಲಿ ಗಂಟೆಗಿಷ್ಟೆಂದು ಹಣ ತೆತ್ತು ಆಡುವ ಹಸಿರು ಟರ್ಫ್ ಅಂಗಳಗಳನ್ನು ನೋಡಿಬಂದ ಮಕ್ಕಳು, ಅಂಥದೊಂದನ್ನು ಈ ಹಿತ್ತಲಿಗೇ ಹಾಸಿಸಬೇಕೆಂದು ಹಟ ಹಿಡಿದರೆ ಆಶ್ಚರ್ಯವಿಲ್ಲ. ಹಾಸಿಸುವವರು ಯಾರು? ಇಂದಿದ್ದು ನಾಳೆ ಹೋಗುವ ಬಾಡಿಗೆದಾರನೋ, ಬಾಡಿಗೆಯ ಹೊರತು ಬೇರೆ ಚಿಂತೆಯಿಲ್ಲದ ಮನೆಯೊಡೆಯನೋ? ತೊಡಕು ಇರುವುದು ಇಲ್ಲಿಯೇ.

ಈ ಹುಲ್ಲಿನ ಪೂರ್ವಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. ೧೯೬೬ರಲ್ಲಿ ಅಮೆರಿಕೆಯ ಹ್ಯೂಸ್ಟನ್ ನಗರದ ಮುಚ್ಚಿದ ಕ್ರೀಡಾಂಗಣದೊಳಗೆ, ಬಿಸಿಲಿಲ್ಲದೆ ನಿಜವಾದ ಹುಲ್ಲು ಸತ್ತುಹೋದುದರಿಂದ ನೈಲಾನ್ ಹುಲ್ಲನ್ನು ಹಾಸಿದರು. ಅಲ್ಲಿಂದ ಅದಕ್ಕೆ ಲೋಕಪ್ರಸಿದ್ಧಿ ಬಂದಿತು. ನಮ್ಮ ದೇಶಕ್ಕೆ ಅದರ ಪರಿಚಯವು ಕಹಿಯಾಗಿಯೇ ಆಯಿತೆನ್ನಬೇಕು. ೧೯೭೫ರಲ್ಲಿ ಸಹಜವಾದ ಹುಲ್ಲಿನ ಮೇಲೆ ವಿಶ್ವಕಪ್ ಗೆದ್ದ ಭಾರತದ ಹಾಕಿ ತಂಡವು, ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸಿನ ಕೃತಕ ಹಾಸಿನ ಮೇಲೆ ಏಳನೆಯ ಸ್ಥಾನಕ್ಕೆ ಇಳಿಯಿತು. ನೆಲ ಬದಲಾದರೆ ಆಟವೇ ಬದಲಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಈಗ ಕಾನೂನಿಗೆ ಬರೋಣ. ಕೊಳ್ಳೇಗಾಲವು ೧೯೫೬ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿಯೂ, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದಿದ್ದ ಯಳಂದೂರು ಮೈಸೂರು ಸೀಮೆಯಲ್ಲಿಯೂ ಇದ್ದುವು; ಇಂದು ಎರಡು ಕಡೆಗೂ ಕಾನೂನು ಒಂದೇ. ೧೮೮೨ರ ಸ್ವತ್ತು ವರ್ಗಾವಣೆ ಅಧಿನಿಯಮದ ೧೦೮ನೆಯ ಪ್ರಕರಣದ ಪ್ರಕಾರ, ಬೇರೆ ಕರಾರಿಲ್ಲದಿದ್ದಲ್ಲಿ, ಬಾಡಿಗೆದಾರನು ತಾನು ನೆಲಕ್ಕೆ ಜೋಡಿಸಿದ ವಸ್ತುಗಳನ್ನು ಸ್ವಾಧೀನ ಬಿಡುವುದಕ್ಕೆ ಮುಂಚೆ ಕಿತ್ತುಕೊಂಡು ಹೋಗಬಹುದು. ಆದರೆ ಸ್ಥಳವನ್ನು ತನಗೆ ಬಂದ ಸ್ಥಿತಿಯಲ್ಲಿಯೇ ಬಿಟ್ಟುಕೊಡಬೇಕು. ವ್ಯವಸಾಯಕ್ಕಲ್ಲದೆ ಬೇರೆ ಉದ್ದೇಶಕ್ಕೆ ಶಾಶ್ವತವಾದ ಕಟ್ಟಡವನ್ನು ಒಡೆಯನ ಒಪ್ಪಿಗೆಯಿಲ್ಲದೆ ಎಬ್ಬಿಸಕೂಡದು. ಆದ್ದರಿಂದ ಮರಳಿನ ಭಾರದಿಂದ ನಿಲ್ಲುವ ಹಾಸು ಒಂದು ಬಗೆ, ಕಾಂಕ್ರೀಟು ಸುರಿದು ಅಂಟು ಬಳಿದು ಕೂರಿಸಿದ ಹಾಸು ಇನ್ನೊಂದು ಬಗೆ. ಮೊದಲನೆಯದನ್ನು ಸುರುಳಿ ಸುತ್ತಿ ಗಾಡಿಗೆ ಹೇರಬಹುದು. ಎರಡನೆಯದು ವ್ಯಾಜ್ಯಕ್ಕೆ ಬೀಜ. ನಮ್ಮಲ್ಲಿ ಬಾಡಿಗೆಯ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳಿನದು. ವರ್ಷಕ್ಕೆ ಮೀರಿದ ಗೇಣಿಯನ್ನು ನೋಂದಾಯಿಸಲೇಬೇಕೆಂಬ ಕಟ್ಟಳೆಯಿಂದ ತಪ್ಪಿಸಿಕೊಳ್ಳುವ ಜಾಣತನವಿದು. ಹಾಸಿನ ಆಯುಸ್ಸು ಎಂಟು ಹತ್ತು ವರ್ಷ, ಮನೆಯ ಆಯುಸ್ಸು ಹನ್ನೊಂದು ತಿಂಗಳು! ಹಾಸಿಸಲೇಬೇಕೆನ್ನುವವರು ಹಾಸು ಯಾರದು, ಬಿಡುವಾಗ ಯಾರು ತೆಗೆಯತಕ್ಕದ್ದು, ಅಡಿಯ ಜಲ್ಲಿಯ ಗತಿಯೇನು, ಮುಂಗಡದಿಂದ ಏನನ್ನು ಹಿಡಿಯಬಹುದು, ಇವಿಷ್ಟನ್ನು ಕರಾರಿನಲ್ಲಿ ಬರೆಯಿಸಿಕೊಳ್ಳುವುದು ಕ್ಷೇಮ. ಬಾಯಿಮಾತಿನ ಸ್ನೇಹವು ಮನೆ ಬಿಡುವ ದಿನ ಉಳಿಯುವುದು ಅಪರೂಪ.

ಯಾವ ಆಟಕ್ಕೆ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಬ್ಯಾಡ್ಮಿಂಟನ್ ಅಂಕಣಕ್ಕೆ ೪೪ ಅಡಿ ಉದ್ದ, ೨೦ ಅಡಿ ಅಗಲ ಸಾಕು; ಆದರೆ ಗಾಳಿಗೆ ಗರಿಯ ಚೆಂಡು ನಿಲ್ಲುವುದಿಲ್ಲ. ವಾಲಿಬಾಲಿಗೆ ಸುಮಾರು ೫೯ ಅಡಿಗೆ ೨೯॥ ಅಡಿ, ಸುತ್ತಲೂ ಓಡಾಡಲು ಬೇರೆ ಜಾಗ. ನಮ್ಮ ಹಿತ್ತಲುಗಳ ಆಕಾರಕ್ಕೆ ಹೊಂದುವುದು ಕ್ರಿಕೆಟ್ಟಿನ ಅಭ್ಯಾಸದ ಪಟ್ಟಿಯೇ: ೬೬ ಅಡಿ ಉದ್ದದ ಪಿಚ್ಚು, ಹತ್ತಡಿ ಅಗಲ, ಮೇಲೂ ಪಕ್ಕದಲ್ಲೂ ಬಲೆ. ಬಲೆಯನ್ನು ಮರೆತವರಿಗೆ ನೆರೆಮನೆಯ ಮಂಗಳೂರು ಹೆಂಚು ಜ್ಞಾಪಕಮಾಡಿಕೊಡುವುದು.

ಹಾಸಿನ ಗುಣವು ಹುಲ್ಲಿನಲ್ಲಿಲ್ಲ, ಅಡಿಯಲ್ಲಿದೆ. ಮೇಲ್ಮಣ್ಣನ್ನು ತೆಗೆದು, ಅರ್ಧ ಅಡಿಯಷ್ಟು ಜಲ್ಲಿಯನ್ನು ಪದರ ಪದರವಾಗಿ ದಮ್ಮಸ್ಸು ಮಾಡಿ, ಮೇಲೆ ಕಲ್ಲುಪುಡಿ ಹರಡಿ, ನೂರು ಅಡಿಗೆ ಒಂದಡಿಯಂತೆ ವಾಟ ಕೊಡಬೇಕು. ಎರೆಮಣ್ಣಿನ ನೆಲವಾದರೆ ಇನ್ನೂ ಆಳಕ್ಕೆ ಅಗೆಯಬೇಕು. ಅದು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ಮಣ್ಣು, ಮೇಲಿನ ಹಾಸನ್ನು ಅಲೆಯಲೆಯಾಗಿ ಎತ್ತಿಬಿಡುತ್ತದೆ. ಎಳೆಗಳ ನಡುವೆ ತುಂಬುವ ಮರಳು ಚದರ ಮೀಟರಿಗೆ ೨೦ ಕಿಲೋಗ್ರಾಂ ಎಂದಿಟ್ಟುಕೊಂಡರೂ ಒಂದು ಬ್ಯಾಡ್ಮಿಂಟನ್ ಅಂಕಣಕ್ಕೇ ಒಂದೂವರೆ ಟನ್ನಿಗೆ ಮೀರುವುದು. ಚದರಡಿಗೆ ಇಷ್ಟೆಂದು ದರ ಹೇಳುವವನು ಈ ಜಲ್ಲಿ, ಮರಳು, ಕೂಲಿಗಳನ್ನು ಸೇರಿಸಿರುವನೋ ಇಲ್ಲವೋ ಎಂದು ಕೇಳದೆ ಮುಂಗಡ ಕೊಡಬಾರದು. ಕೆಲವರು ಮರಳಿಗೆ ಬದಲು ಹಳೆಯ ಟೈರುಗಳ ರಬ್ಬರು ಪುಡಿಯನ್ನು ತುಂಬುತ್ತಾರೆ. ಇಂಥ ಪ್ಲಾಸ್ಟಿಕ್ ಮತ್ತು ರಬ್ಬರು ಕಣಗಳ ಮಾರಾಟವನ್ನು ಯೂರೋಪ್ ಒಕ್ಕೂಟವು ೨೦೨೩ರಲ್ಲಿ ನಿಷೇಧಿಸಿ, ಆಟದ ಮೈದಾನಗಳಿಗೆ ಎಂಟು ವರ್ಷಗಳ ಅವಧಿ ಕೊಟ್ಟಿದೆ. ಮಕ್ಕಳು ಹೊರಳಾಡುವ ಹಿತ್ತಲಿಗೆ ಮರಳೇ ಸಾಕು.

ಇವೆಲ್ಲಕ್ಕಿಂತ ಹೆಚ್ಚಾಗಿ ಯೋಚಿಸಬೇಕಾದುದು ಬಿಸಿಲನ್ನು. ಅಮೆರಿಕೆಯ ಬ್ರಿಗಮ್ ಯಂಗ್ ವಿಶ್ವವಿದ್ಯಾನಿಲಯದವರು ೨೦೦೨ರಲ್ಲಿ ತಮ್ಮ ಕೃತಕ ಹಾಸಿನ ಮೇಲ್ಮೈಯನ್ನು ಅಳೆದಾಗ ಅದು ೯೩ ಡಿಗ್ರಿ ಸೆಲ್ಸಿಯಸ್ಸಿನವರೆಗೆ ಏರಿದ್ದಿತು. ಜೀವವಿರುವ ಹುಲ್ಲು ನೀರನ್ನು ಆವಿಯಾಗಿ ಬಿಟ್ಟು ತನ್ನನ್ನು ತಾನು ತಂಪಾಗಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ಕಿಗೆ ಆ ವಿದ್ಯೆ ತಿಳಿಯದು. ನಮ್ಮ ಚೈತ್ರ ವೈಶಾಖಗಳ ಮಧ್ಯಾಹ್ನದಲ್ಲಿ ಬರಿಗಾಲಿನ ಮಗುವು ಅದರ ಮೇಲೆ ಕಾಲಿಟ್ಟರೆ ಬೊಬ್ಬೆ ಏಳುವುದು. ನೀರು ಚಿಮುಕಿಸಿದರೆ ತಣಿಯುವುದು ನಿಜ, ಸ್ವಲ್ಪ ಹೊತ್ತಿಗೆ ಮತ್ತೆ ಕಾಯುವುದೂ ನಿಜ. ಹನೂರಿನ ಕಡೆ ಕುಡಿಯುವ ನೀರಿಗೇ ಬೇಸಗೆಯಲ್ಲಿ ಬಿಂದಿಗೆ ಎಣಿಸುವವರು ಹಾಸಿಗೆ ಎಲ್ಲಿಂದ ತಂದಾರು? ಬೆಳಿಗ್ಗೆ ಎಂಟರೊಳಗೆ, ಸಂಜೆ ಐದರ ಮೇಲೆ ಎಂದು ಆಟಕ್ಕೆ ಹೊತ್ತು ಕಟ್ಟುವುದೊಂದೇ ದಾರಿ.

ಬಿಳಿಗಿರಿರಂಗನ ಬೆಟ್ಟದ ಹಾಗೂ ಮಲೆಯ ಮಹದೇಶ್ವರನ ಬೆಟ್ಟದ ತಪ್ಪಲಿನಲ್ಲಿ ಪ್ರವಾಸಿಗರಿಗೆ ಮನೆ ಬಾಡಿಗೆಗೆ ಕೊಡುವವರಿಗೆ ನನ್ನ ಅಭಿಪ್ರಾಯ ಬೇರೆ. ಮೊದಲನೆಯದು ೨೦೧೧ರಿಂದ ಹುಲಿ ಸಂರಕ್ಷಿತ ಪ್ರದೇಶ, ಎರಡನೆಯದು ೨೦೧೩ರಿಂದ ವನ್ಯಧಾಮ. ಸವೆದ ಎಳೆಯ ಚೂರುಗಳು ಮಳೆಯೊಡನೆ ಹಳ್ಳಕ್ಕೆ ಇಳಿಯುವುವು. ರಾತ್ರಿಯಾಟಕ್ಕೆ ಹಚ್ಚುವ ದೀಪವು ಕಾಡಿನ ಕತ್ತಲನ್ನು ಕೆಡಿಸುವುದು. ಅಲ್ಲಿಗೆ ಬರುವ ಅತಿಥಿಯು ಹಸಿರನ್ನು ನೋಡುವುದಕ್ಕೆಂದೇ ಬರುವನಷ್ಟೆ. ಅವನಿಗೆ ಪ್ಲಾಸ್ಟಿಕ್ಕಿನ ಹಸಿರನ್ನು ತೋರಿಸುವುದೇತಕ್ಕೆ?

ಊರೊಳಗಿನ ಮನೆಗಳಲ್ಲಿ ಇನ್ನೊಬ್ಬರ ಒಪ್ಪಿಗೆಯನ್ನೂ ಕೇಳಬೇಕು: ಮನೆಯ ಹೆಂಗಸರದು. ಸಂಡಿಗೆ ಹಪ್ಪಳ ಒಣಗುವುದು, ರಾಗಿ ಹರಡುವುದು, ಕಂಬಳಿ ಕೊಡಹುವುದು ಎಲ್ಲವೂ ಅದೇ ಹಿತ್ತಲಿನಲ್ಲಿ. ಹಸುವನ್ನು ಕಟ್ಟುವವರಂತೂ ಈ ಯೋಚನೆಯನ್ನೇ ಬಿಡಬೇಕಾದೀತು. ಸಗಣಿ ಗಂಜಲಗಳು ಎಳೆಯೊಳಗೆ ಇಳಿದರೆ ಎಷ್ಟು ತೊಳೆದರೂ ವಾಸನೆ ಹೋಗದು. ಹಿತ್ತಲಿನ ಅರ್ಧದಷ್ಟನ್ನೇ ಹಾಸಿ, ಬಾವಿಯ ಕಡೆಯನ್ನು ಮಣ್ಣಾಗಿಯೇ ಬಿಟ್ಟರೆ ಸಂಡಿಗೆಗೂ ಸ್ಥಳ ಉಳಿಯುತ್ತದೆ, ಮಳೆಯ ನೀರೂ ಬಾವಿಯತ್ತ ಇಂಗುತ್ತದೆ. ಹಾಸಿದ ಭಾಗವನ್ನು ವಾರಕ್ಕೊಮ್ಮೆ ಬಿರುಸಾದ ಪೊರಕೆಯಿಂದ ಎಳೆಗಳು ನಿಲ್ಲುವಂತೆ ಎದುರುಮುಖವಾಗಿ ಗುಡಿಸಬೇಕು. ನುಗ್ಗೆಯ ಎಲೆ ಉದುರುವ ತಿಂಗಳಲ್ಲಿ ದಿನವೂ.