ಗುಂಪಿನಲ್ಲಿ ಮರೆಯಾಗುವ ದನಿ: ಪದವಿ ತರಗತಿಯಲ್ಲಿ ಸಂಗೀತದ ಮೊದಲ ಪಾಠಗಳು

ಅಭ್ಯಾಸ ಬೋಧನೆಯ ವೀಕ್ಷಣೆಗೆ ಕುಳಿತಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ. ಪ್ರಶಿಕ್ಷಣಾರ್ಥಿ "ಅರ್ಥವಾಯಿತೇ?" ಎನ್ನುತ್ತಾರೆ, ಇಡೀ ತರಗತಿ ಒಕ್ಕೊರಲಿನಿಂದ "ಆಯ್ತು" ಎನ್ನುತ್ತದೆ. ಆಗ ನನಗೆ, ಈ ಕಾಲೇಜಿಗೆ ಬರುವ ಮೊದಲು ಸಣ್ಣದೊಂದು ಪದವಿ ಕಾಲೇಜಿನಲ್ಲಿ ಸಂಗೀತ ಕಲಿಸುತ್ತಿದ್ದಾಗ ಮಾಡಿದ ತಪ್ಪು ನೆನಪಾಗುತ್ತದೆ.

ಬಿ.ಎ. ಮೊದಲ ವರ್ಷದಲ್ಲಿ ಸಂಗೀತವನ್ನು ಐಚ್ಛಿಕವಾಗಿ ಆಯ್ದುಕೊಂಡವರು 14 ಮಂದಿ: 11 ಹುಡುಗಿಯರು, 3 ಹುಡುಗರು. ನಾಲ್ವರು ಜೂನಿಯರ್ ಪರೀಕ್ಷೆ ಮುಗಿಸಿಕೊಂಡು ಬಂದಿದ್ದರು. ಉಳಿದವರಿಗೆ ಸಂಗೀತವೆಂದರೆ ಶಾಲೆಯ ಪ್ರಾರ್ಥನೆ ಮಾತ್ರ. ನಾನು ಶ್ರುತಿಪೆಟ್ಟಿಗೆಯನ್ನು ಐದು ಶ್ರುತಿಗೆ ಇಟ್ಟು ಸರಳೆ ವರಸೆ ಹೇಳಿಕೊಟ್ಟೆ. ಎಲ್ಲರೂ ಒಟ್ಟಿಗೆ ಹಾಡಿದರು. ಎರಡನೆಯ ವಾರಕ್ಕೇ ತರಗತಿ ತುಂಬಿದ ದನಿ ಕೇಳಿ ಪಾಠ ಚೆನ್ನಾಗಿ ಸಾಗಿದೆ ಎಂದುಕೊಂಡೆ.

ಆರನೆಯ ವಾರದ ಆಂತರಿಕ ಪರೀಕ್ಷೆಯಲ್ಲಿ ಒಬ್ಬ ಹುಡುಗ ಬಾಯಿಯನ್ನೇ ತೆರೆಯಲಿಲ್ಲ. ಆಮೇಲೆ ಕೊಠಡಿಗೆ ಬಂದು, "ಮೇಡಂ, ನಾನು ಹಾಡಿದ್ರೆ ಎಲ್ಲರದ್ದೂ ಕೆಡುತ್ತೆ ಅಂತ ಸುಮ್ಮನೆ ಬಾಯಿ ಆಡಿಸ್ತಿದ್ದೆ. ವಿಷಯ ಬದಲಾಯಿಸ್ಕೊಳ್ತೀನಿ" ಎಂದ. ಆರು ವಾರ ಅವನು ನನ್ನ ಎದುರಿಗೇ ಕುಳಿತಿದ್ದ. ನಾನು ಕೇಳುತ್ತಿದ್ದುದು ಆ ನಾಲ್ವರ ದನಿಯನ್ನು.

ಅವನನ್ನು ಒಬ್ಬನನ್ನೇ ಹಾಡಿಸಿ ನೋಡಿದೆ. ಅವನ ಕಿವಿ ಸರಿಯಾಗಿತ್ತು, ಶ್ರುತಿ ಅವನದಾಗಿರಲಿಲ್ಲ. ಐದು ಶ್ರುತಿ ಹುಡುಗಿಯರಿಗೆ ಹೊಂದುತ್ತಿತ್ತು. ಅವನು ಆ ಷಡ್ಜದಿಂದ ಮೇಲೇರಿದರೆ ಪಂಚಮದಾಚೆ ಗಂಟಲು ಬಿಗಿಯುತ್ತಿತ್ತು. ಒಂದು ಸ್ಥಾಯಿ ಕೆಳಗಿಳಿದರೆ ಷಡ್ಜವೇ ಹೊರಡುತ್ತಿರಲಿಲ್ಲ. ಒಂದು ಶ್ರುತಿಗೆ ಇಳಿಸಿದೊಡನೆ ದನಿ ನೇರವಾಗಿ ನಿಂತಿತು. ವಿಷಯ ಬದಲಾಯಿಸಲು ಎರಡು ವಾರ ತಡೆಯುವಂತೆ ಕೇಳಿಕೊಂಡು, ನನ್ನ ಪಾಠಯೋಜನೆಯನ್ನು ಮೂರು ಕಡೆ ತಿದ್ದಿದೆ.

ಮೊದಲನೆಯದು ಶ್ರುತಿ. ಅವಧಿಯನ್ನು ಎರಡು ಭಾಗ ಮಾಡಿದೆ. ಹುಡುಗಿಯರು ಐದು ಶ್ರುತಿಯಲ್ಲಿ ಹಾಡುವಾಗ ಹುಡುಗರು ತಾಳ ಹಾಕುತ್ತಾರೆ. ಹುಡುಗರು ಒಂದು ಶ್ರುತಿಯಲ್ಲಿ ಹಾಡುವಾಗ ಹುಡುಗಿಯರು ತಾಳ ಹಾಕುತ್ತಾರೆ. ಆದಿತಾಳದ 4+2+2 ಅಕ್ಷರಗಳ ಲೆಕ್ಕ ಎಲ್ಲರ ಕೈಗೂ ಕೂತದ್ದು ಹೀಗೆಯೇ.

ಎರಡನೆಯದು ಪಾಠದ ಅಳತೆ. ಮೊದಲ ಪಾಠಗಳನ್ನು ಮಾಯಾಮಾಳವಗೌಳದಲ್ಲಿ ಅಳವಡಿಸಿದವರು ಪುರಂದರದಾಸರೆಂದು ಪರಂಪರೆ ಹೇಳುತ್ತದೆ. 72 ಮೇಳಕರ್ತಗಳಲ್ಲಿ 15ನೆಯದಾದ ಈ ರಾಗಕ್ಕೆ ಹೊಸಬರಿಗೆ ಅನುಕೂಲವಾದ ಒಂದು ಗುಣವಿದೆ. ಹಾರ್ಮೋನಿಯಂನ ಕಪ್ಪು-ಬಿಳಿ ಮನೆಗಳನ್ನು ಒಟ್ಟಿಗೆ ಎಣಿಸಿದರೆ ಸ-ರಿ-ಗ-ಮ ನಡುವಿನ ಅಂತರ 1, 3, 1. ಪ-ದ-ನಿ-ಸ ನಡುವಿನದೂ 1, 3, 1. ಆದ್ದರಿಂದ ಎಂಟೂ ಸ್ವರಗಳನ್ನು ಒಮ್ಮೆಗೇ ಕೊಡದೆ ಒಂದು ವಾರ ಸ-ರಿ-ಗ-ಮ ಮಾತ್ರ ಹಾಡಿಸಿದೆ. ಅದು ನಿಂತ ಮೇಲೆ, "ಇದೇ ನಡೆಯನ್ನು ಪಂಚಮದಿಂದ ಹಾಡಿ" ಎಂದೆ. ಬಹುಪಾಲು ಮಂದಿ ಮೇಲಿನ ಅರ್ಧವನ್ನು ತಾವೇ ಕಂಡುಕೊಂಡರು. ಹಿಂದೂಸ್ತಾನಿ ಕಲಿಸುವ ಕಡೆ ಭೈರವ್ ಥಾಟ್‌ನಲ್ಲೂ ಇದನ್ನೇ ಮಾಡಬಹುದು. ಅದರ ಸ್ವರಗಳೂ ಇವೇ.

ಮೂರನೆಯದು ಒಬ್ಬೊಬ್ಬರ ಸರದಿ. ಅದಕ್ಕೆಲ್ಲ ಸಮಯವೆಲ್ಲಿ ಎಂದು ನಾನೂ ಹೇಳುತ್ತಿದ್ದೆ. ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ ಒಂದು ಅಕ್ಷರದಂತೆ ಮೊದಲ ವರಸೆಯ ಆರೋಹಣ, ಅವರೋಹಣ ಎರಡು ಆವರ್ತ, ಅಂದರೆ 16 ಸೆಕೆಂಡು. 14 ಮಂದಿಗೆ 224 ಸೆಕೆಂಡು. ನಾಲ್ಕು ನಿಮಿಷವೂ ಆಗುವುದಿಲ್ಲ. ಈ ಸರದಿಗೆ ಅಂಕವಿಲ್ಲ, ನಡುವೆ ತಿದ್ದುವುದೂ ಇಲ್ಲ. ನಾನು ಕೇಳಿ, ಹೆಸರಿನ ಮುಂದೆ ಒಂದೇ ಗುರುತು ಬರೆಯುತ್ತಿದ್ದೆ: ಶ್ರುತಿ, ಸ್ವರಸ್ಥಾನ, ತಾಳ, ಇವುಗಳಲ್ಲಿ ಎಲ್ಲಿ ಎಡವಿದರು ಎಂಬುದನ್ನು. ಮರುದಿನದ ಪಾಠ ಆ ಗುರುತುಗಳಿಂದ ಶುರುವಾಗುತ್ತಿತ್ತು.

ಒಂದು ಕೊರತೆ ಉಳಿಯಿತು. ಜೂನಿಯರ್ ಮುಗಿಸಿದವರಿಗೆ ಆ ವಾರಗಳು ಬೇಸರ ತಂದವು. ಅವರನ್ನು ಬೇರೆಯವರಿಗೆ ಹೇಳಿಕೊಡಲು ಬಿಟ್ಟೆ. ಇಬ್ಬರಿಗೆ ಅದು ಹಿಡಿಸಿತು, ಇಬ್ಬರಿಗೆ ಹಿಡಿಸಲಿಲ್ಲ. ಅವರಿಗಾಗಿ ಬೇರೆ ಪಾಠವನ್ನೇ ಯೋಜಿಸಬೇಕಿತ್ತು.

ಆ ಹುಡುಗ ವಿಷಯ ಬದಲಾಯಿಸಲಿಲ್ಲ. ಸೆಮಿಸ್ಟರ್ ಕೊನೆಗೆ ಸರಳೆ ವರಸೆಗಳನ್ನು ಎರಡು ಕಾಲಗಳಲ್ಲಿ ಹಾಡಿದ. ಮೂರನೆಯ ಕಾಲದಲ್ಲಿ ತಾಳ ತಪ್ಪಿತು. ತಪ್ಪಿದ್ದು ನನಗೆ ಕೇಳಿಸಿತು.

ಪ್ರಶಿಕ್ಷಣಾರ್ಥಿಗಳು ಗಣಿತ ಕಲಿಸಲಿ, ಕನ್ನಡ ಕಲಿಸಲಿ, ಮುಂದಿನ ಪಾಠದಲ್ಲಿ "ಅರ್ಥವಾಯಿತೇ?" ಎಂಬ ಪ್ರಶ್ನೆಯನ್ನು ಬಿಟ್ಟು ನಾಲ್ಕು ನಿಮಿಷ ಒಬ್ಬೊಬ್ಬರಿಂದ ಕೇಳಲಿ. ಕೇಳಿದ್ದನ್ನು ಪಾಠಯೋಜನೆಯ ಅಂಚಿನಲ್ಲಿ ಬರೆದುಕೊಂಡು ಬಂದರೆ, ನಮ್ಮ ಚರ್ಚೆಯನ್ನು ಅಲ್ಲಿಂದ ಆರಂಭಿಸಬಹುದು.