ಹತ್ತನೇ ಕ್ಲಾಸಿನ ದಾರಿ: ರಾಮನಗರ ಸೀಮೆಯ ಸರ್ಕಾರಿ ಹೈಸ್ಕೂಲು ಬೆಳೆದು ಬಂದ ಬಗೆ

ರಾಮನಗರದಲ್ಲಿ ದೊಡ್ಡ ಸಮಾವೇಶವೋ ಟೂರ್ನಮೆಂಟೋ ನಡೆಯಿತೆಂದರೆ ಪೋಸ್ಟರಿನ ಕೆಳಗೆ ಸಾಮಾನ್ಯವಾಗಿ ಕಾಣುವ ವಿಳಾಸ ಜೂನಿಯರ್ ಕಾಲೇಜು ಮೈದಾನ. ಚನ್ನಪಟ್ಟಣದವರಿಗೆ ಬಾಲಕರ ಪದವಿಪೂರ್ವ ಕಾಲೇಜಿನ ಮೈದಾನವೂ ಹಾಗೆಯೇ. ಊರಿನ ಭಾಷಣ, ಕಬಡ್ಡಿ, ನಾಟಕ ಎಲ್ಲಕ್ಕೂ ಜಾಗ ಕೊಟ್ಟ ಇಂಥ ಮೈದಾನಗಳ ಅಂಚಿನಲ್ಲೇ ಪ್ರೌಢಶಾಲಾ ವಿಭಾಗವೂ ಇರುತ್ತದೆ. ಅದರ ಮುಖ್ಯಸ್ಥರಿಗೆ ಮುಖ್ಯೋಪಾಧ್ಯಾಯರು ಎಂಬ ಹುದ್ದೆಯಿಲ್ಲ, ಅವರು ಉಪಪ್ರಾಂಶುಪಾಲರು. ಕಾರಣ ಇಷ್ಟೇ. 1970ರ ದಶಕದ ಆರಂಭದಲ್ಲಿ ಒಂದು ವರ್ಷದ ಪಿಯುಸಿ ಎರಡು ವರ್ಷದ್ದಾಯಿತು. ಆಗ ತಾಲ್ಲೂಕು ಕೇಂದ್ರಗಳ ಎಷ್ಟೋ ಸರ್ಕಾರಿ ಹೈಸ್ಕೂಲುಗಳನ್ನೇ ಮೇಲ್ದರ್ಜೆಗೇರಿಸಿ ಜೂನಿಯರ್ ಕಾಲೇಜು ಮಾಡಿದರು. ಕಾಲೇಜು ದೊಡ್ಡದಾದಂತೆ ಅದನ್ನು ಹುಟ್ಟಿಸಿದ ಹೈಸ್ಕೂಲು ಅದರದೇ ಒಂದು ವಿಭಾಗವಾಗಿ ಉಳಿಯಿತು.

ಅದಕ್ಕೂ ಮೊದಲು ಈ ಸೀಮೆಯಲ್ಲಿ ಹೈಸ್ಕೂಲು ಅಪರೂಪ. ಮೈಸೂರು ಸಂಸ್ಥಾನ 1913ರಲ್ಲೇ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯ್ದೆ ತಂದಿತ್ತು, ಆದರೆ ಅದು ಆಯ್ದ ಕೆಲವು ಕಡೆಗಳಿಗಷ್ಟೇ. ಹಳ್ಳಿಯ ಹುಡುಗನ ಓದು ಮಿಡ್ಲ್ ಸ್ಕೂಲಿಗೆ ಮುಗಿಯುತ್ತಿತ್ತು. ಮುಂದೆ ಓದಬೇಕೆಂದರೆ ಊರು ಬಿಡಬೇಕು. 1880ರ ದಶಕದ ಆರಂಭದಲ್ಲೇ ಬೆಂಗಳೂರು–ಮೈಸೂರು ರೈಲು ಓಡತೊಡಗಿದ್ದರಿಂದ ರಾಮನಗರ, ಚನ್ನಪಟ್ಟಣದವರಿಗೆ ಎರಡೂ ಕಡೆಗೆ ದಾರಿಯಿತ್ತು. ರಾಮನಗರ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯನವರು ಕಾಲೇಜಿಗೆ ಮೈಸೂರಿನವರೆಗೆ ಹೋದರು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಕವಿ ಸಿದ್ಧಲಿಂಗಯ್ಯನವರಿಗೆ ಓದು ಗಟ್ಟಿಯಾಗಿ ಕೈಗೆ ಸಿಕ್ಕಿದ್ದು ಬೆಂಗಳೂರು ಸೇರಿದ ಮೇಲೆ. ಹಾಗೆ ಹೊರಟು ಗೆದ್ದವರ ಹೆಸರು ನಮಗೆ ಗೊತ್ತು, ಹೊರಡಲಾಗದೆ ಉಳಿದವರದು ಗೊತ್ತಿಲ್ಲ. ಕಾನಕಾನಹಳ್ಳಿಯೆಂದು ಕರೆಸಿಕೊಳ್ಳುತ್ತಿದ್ದ ಇಂದಿನ ಕನಕಪುರದಲ್ಲಿ ಆ ಕೊರತೆ ತುಂಬಲು ಮೊದಲು ಕೈ ಹಾಕಿದವರು ಸ್ವಾತಂತ್ರ್ಯ ಹೋರಾಟಗಾರ ಎಸ್. ಕರಿಯಪ್ಪನವರು. ಹಳ್ಳಿಯ ಮಕ್ಕಳಿಗಾಗಿಯೇ ಅವರು ಕಟ್ಟಿದ ಸಂಸ್ಥೆ ಮುಂದೆ ರೂರಲ್ ಕಾಲೇಜಿನವರೆಗೆ ಬೆಳೆಯಿತು. ಸರ್ಕಾರಿ ಹೈಸ್ಕೂಲುಗಳು ಹೋಬಳಿಗಳಿಗೆ ಇಳಿದು ಬಂದದ್ದು ಆಮೇಲೆ, ನಿಧಾನವಾಗಿ: ಕೈಲಾಂಚ, ಕೂಟಗಲ್, ಸಾತನೂರು, ಕೋಡಿಹಳ್ಳಿ, ಕುದೂರು, ತಿಪ್ಪಸಂದ್ರದ ಕಡೆಗೆಲ್ಲ.

ಶಾಲೆ ಬಂತು, ಮಕ್ಕಳು ಬರುವುದು ಮಾತ್ರ ಸುಲಭವಿರಲಿಲ್ಲ. ಇದು ರೇಷ್ಮೆ ಸೀಮೆ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಎಂಬ ಹೆಮ್ಮೆ ನಮಗೆಲ್ಲ ಇದೆ. ಅದೇ ಗೂಡನ್ನು ಬಿಸಿನೀರಿನ ಬಾನಿಗೆ ಹಾಕಿ ನೂಲು ತೆಗೆಯುವಲ್ಲಿ, ಹುರಿ ಮಾಡುವಲ್ಲಿ ಎಳೆಯ ಕೈಗಳು ದುಡಿಯುತ್ತಿದ್ದವು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ರೇಷ್ಮೆ ಉದ್ಯಮದ ಜೀತ ಮಕ್ಕಳ ಕುರಿತು ಹೊರತಂದ ವರದಿಯಲ್ಲಿ ರಾಮನಗರ, ಮಾಗಡಿ ಎರಡರ ಹೆಸರೂ ಇದೆ. ಮುಂಗಡ ಸಾಲಕ್ಕೆ ಮಗುವನ್ನು ದುಡಿಮೆಗೆ ಬಿಟ್ಟ ತಂದೆತಾಯಿಗೆ ಎಂಟನೇ ಕ್ಲಾಸು ದೂರದ ಮಾತು. ಈ ಭಾಗದ ಹೈಸ್ಕೂಲಿನ ಚರಿತ್ರೆ ಬರೆಯುವವರು ಆ ವರದಿಯನ್ನು ಬದಿಗಿಡುವಂತಿಲ್ಲ. ಇವತ್ತು ಎಸ್ಸೆಸ್ಸೆಲ್ಸಿ ಬರೆಯುವ ಮಕ್ಕಳಲ್ಲಿ ಎಷ್ಟೋ ಜನರ ಅಪ್ಪ ಅಮ್ಮ ಆ ಕಾಲದ ಮಕ್ಕಳೇ.

ಮನೆಯಲ್ಲಿ ಹುಳು ಸಾಕುವವರ ಕಥೆ ಬೇರೆ. ಅಲ್ಲಿ ಯಾರೂ ಮಗುವನ್ನು ಜೀತಕ್ಕೆ ಬಿಟ್ಟಿಲ್ಲ, ಆದರೂ ಹಾಜರಿ ಪುಸ್ತಕದಲ್ಲಿ ಹುಳುವಿನ ಗುರುತು ಕಾಣುತ್ತದೆ. ಹುಳು ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತದೆ. ಇದನ್ನು ಇಲ್ಲಿ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರ ಮನೆಯವರಿಗೆ ನಿದ್ದೆಯಿಲ್ಲ, ಸೊಪ್ಪು ಎಷ್ಟು ತಂದರೂ ಸಾಲದು. ಕೊನೆಗೆ ಹುಳು ಹಣ್ಣಾದ ದಿನವಂತೂ ಮನೆಯಲ್ಲಿರುವ ಪ್ರತಿ ಕೈಯೂ ಬೇಕು. ಮೈ ಹಳದಿಗೆ ತಿರುಗಿ ಹೊಳೆಯುವ ಹುಳುವನ್ನು ಒಂದೊಂದಾಗಿ ಆಯ್ದು ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲು ವ್ಯರ್ಥ, ತಿಂಗಳ ದುಡಿಮೆ ಹೋಯಿತು. ಅಂದು ಒಂಬತ್ತನೇ ಕ್ಲಾಸಿನ ಹುಡುಗಿ ಶಾಲೆಗೆ ಬರುವುದಿಲ್ಲ. ಊರು ಬಲ್ಲ ಮೇಷ್ಟ್ರು ಮರುದಿನ ಆಕೆಯನ್ನು ಗದರುವುದಿಲ್ಲ, ಬೆಳೆ ಹೇಗಾಯಿತು, ಗೂಡು ಏನು ರೇಟಿಗೆ ಹೋಯಿತು ಎಂದು ಕೇಳಿ ಪಾಠಕ್ಕೆ ಕೂರಿಸುತ್ತಾರೆ. ಈ ಗೈರುಹಾಜರಿಯನ್ನು ಕಡಿಮೆ ಮಾಡಿದ್ದರಲ್ಲಿ ಶಿಕ್ಷಣ ಇಲಾಖೆಯ ಜೊತೆ ರೇಷ್ಮೆ ಕೃಷಿಯ ಬದಲಾವಣೆಗೂ ಪಾಲಿದೆ. ಮರಿಹುಳುವನ್ನು ಚಾಕಿ ಕೇಂದ್ರದಲ್ಲಿ ಬೆಳೆಸಿದ್ದನ್ನೇ ತರುವುದು, ಎಲೆ ಬಿಡಿಸದೆ ರೆಂಬೆಯನ್ನೇ ಹಾಸುವುದು, ಬಿದಿರಿನ ಚಂದ್ರಿಕೆಯ ಬದಲು ಪ್ಲಾಸ್ಟಿಕ್ ನೇತ್ರಿಕೆ ಬಳಸುವುದು ರೂಢಿಗೆ ಬಂದಂತೆ ಮನೆಗೆಲಸದ ಆಳು ದಿನಗಳು ತಗ್ಗಿದವು. ಅವುಗಳಲ್ಲಿ ಮಕ್ಕಳ ದಿನಗಳೂ ಸೇರಿವೆ.

ಇನ್ನೊಂದು ಕಡೆಯಿಂದ ಸರ್ಕಾರದ ಯೋಜನೆಗಳು ಒಂದರ ಹಿಂದೊಂದು ಬಂದವು. 2002ರಲ್ಲಿ ಉತ್ತರದ ಏಳು ಜಿಲ್ಲೆಗಳ ಪ್ರಾಥಮಿಕ ಶಾಲೆಗಳಲ್ಲಿ ಶುರುವಾದ ಬಿಸಿಯೂಟ 2007ರ ಹೊತ್ತಿಗೆ ಒಂಬತ್ತು, ಹತ್ತನೇ ತರಗತಿಯನ್ನೂ ಮುಟ್ಟಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು, ಹತ್ತು ವರ್ಷದ ನಂತರ ಹೈಸ್ಕೂಲಿನ ಮಕ್ಕಳಿಗೂ ಮೊಟ್ಟೆ, ಬಾಳೆಹಣ್ಣು, ಚಿಕ್ಕಿ, 2024ರಲ್ಲಿ ರಾಗಿ ಮಾಲ್ಟ್. ಬೆಳಿಗ್ಗೆ ಏಳಕ್ಕೇ ಬಸ್ಸು ಹಿಡಿದು ಹೊರಡುವ ಮಗುವಿಗೆ ಮಧ್ಯಾಹ್ನದ ಅನ್ನ ಸಾಂಬಾರು ಏನೆಂಬುದನ್ನು ಮೊದಲ ಪಿರಿಯಡ್ಡಿನಲ್ಲಿ ತೂಕಡಿಸುವ ಮುಖಗಳನ್ನು ಕಂಡ ಯಾವ ಮೇಷ್ಟ್ರಾದರೂ ಹೇಳುತ್ತಾರೆ.

ನನ್ನ ಲೆಕ್ಕದಲ್ಲಿ ಇವೆಲ್ಲಕ್ಕಿಂತ ದೊಡ್ಡ ಕೆಲಸ ಮಾಡಿದ್ದು ಸೈಕಲ್ಲು. ಏಳನೇ ಕ್ಲಾಸಿನವರೆಗೆ ಶಾಲೆ ಊರಿನಲ್ಲೋ ಪಕ್ಕದ ಊರಿನಲ್ಲೋ ಇರುತ್ತದೆ. ಎಂಟಕ್ಕೆ ಮೂರು, ನಾಲ್ಕು, ಆರು ಕಿಲೋಮೀಟರು ನಡೆಯಬೇಕು. ಹುಡುಗಿಯರ ಓದು ನಿಲ್ಲುತ್ತಿದ್ದದ್ದು ಆ ದಾರಿಯಲ್ಲೇ. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಬಂದಾಗ ಮಗಳನ್ನು ಹೈಸ್ಕೂಲಿಗೆ ಕಳಿಸಲು ಹಿಂದುಮುಂದು ನೋಡುತ್ತಿದ್ದ ಮನೆಗಳಿಗೆ ಒಂದು ನೆಪ ತಪ್ಪಿತು. ಒಬ್ಬಳೇ ನಡೆಯುವುದಕ್ಕೂ ಆರು ಜನ ಸಾಲಾಗಿ ಸೈಕಲ್ ತುಳಿದು ಹೋಗುವುದಕ್ಕೂ ಅಜಗಜಾಂತರ. ಕೋವಿಡ್ ಬಂದ 2020ರಲ್ಲಿ ವಿತರಣೆ ನಿಂತಿತು, ಆಮೇಲೆ ವರ್ಷಗಟ್ಟಲೆ ಸೈಕಲ್ಲು ಬರಲಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸರ್ಕಾರಿ ಬಸ್ಸು ಉಚಿತವಾದದ್ದು ದೊಡ್ಡ ಆಸರೆ. ಆದರೆ ಬಸ್ಸೇ ಬಾರದ ಕಾಡಂಚಿನ ಊರುಗಳು ಕನಕಪುರ ತಾಲ್ಲೂಕಿನಲ್ಲಿ ಇನ್ನೂ ಇವೆ. ಆನೆ ಓಡಾಡುವ ದಾರಿಯಲ್ಲಿ ಸಂಜೆ ಐದರ ಮೇಲೆ ಮಗು ನಡೆದು ಬರಬೇಕೆಂದರೆ ಅಲ್ಲಿನ ತಾಯಂದಿರ ಜೀವ ಕೈಯಲ್ಲಿರುತ್ತದೆ.

ಒಳಗಿನ ಓದಿನ ವಿಷಯಕ್ಕೆ ಬರೋಣ. ಬೆಳಿಗ್ಗೆ ಸಾಲು ನಿಂತು ನಾಡಗೀತೆ, ಸಂವಿಧಾನದ ಪೀಠಿಕೆ, ದಿನಪತ್ರಿಕೆಯ ಮುಖ್ಯಾಂಶ. ಪೀಠಿಕೆ ಓದುವುದು 2023ರಿಂದ ಬಂದ ಪದ್ಧತಿ. ಆಮೇಲೆ ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ. ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625 ಆಗಿರುವುದು ಪ್ರಥಮ ಭಾಷೆಗೆ 125 ಇರುವುದರಿಂದ, ಅದರ ಹಿಂದೆ ಕನ್ನಡಕ್ಕೆ ಆದ್ಯತೆ ಕೇಳಿದ ಗೋಕಾಕ್ ಚಳವಳಿಯಿದೆ. ರಾಮನಗರ, ಚನ್ನಪಟ್ಟಣದ ಉರ್ದು ಮಾಧ್ಯಮದ ಶಾಲೆಗಳಲ್ಲಿ ಆ 125 ಉರ್ದುವಿಗೆ, ಕನ್ನಡ ಅಲ್ಲಿ ಮತ್ತೊಂದು ಭಾಷೆ. ನೂಲು ತೆಗೆಸುವ ರೀಲರ್‌ಗಳ ಮನೆಯ ಮಕ್ಕಳು ಹೆಚ್ಚು ಕಾಣುವ ಶಾಲೆಗಳು ಇವು. ಶಿಕ್ಷಕರ ಕೊಠಡಿಯಲ್ಲಿ ವಿಷಯಗಳಿಗೆ ಅವರದೇ ಹೆಸರುಗಳಿವೆ: ಗಣಿತ, ಭೌತಶಾಸ್ತ್ರ ತೆಗೆದುಕೊಳ್ಳುವವರು ಪಿಸಿಎಂ ಮೇಷ್ಟ್ರು, ಜೀವಶಾಸ್ತ್ರ, ರಸಾಯನಶಾಸ್ತ್ರದವರು ಸಿಬಿಝಡ್ ಮೇಡಂ. ಈ ಇಬ್ಬರಲ್ಲಿ ಒಬ್ಬರು ವರ್ಗವಾಗಿ ಹೋದರೆ ಇಡೀ ಶಾಲೆಯ ಫಲಿತಾಂಶ ಅಲ್ಲಾಡುತ್ತದೆ. ಖಾಲಿ ಜಾಗಕ್ಕೆ ಅತಿಥಿ ಶಿಕ್ಷಕರು ಬರುವ ಹೊತ್ತಿಗೆ ಎಷ್ಟೋ ಕಡೆ ಮೊದಲ ಕಿರುಪರೀಕ್ಷೆಯೇ ಮುಗಿದಿರುತ್ತದೆ. ಈ ಅತಿಥಿ ಶಿಕ್ಷಕರಲ್ಲಿ ಬಹುಪಾಲು ಊರಿನವರೇ, ಬಿಎಡ್ ಮುಗಿಸಿ ಕಾಯುತ್ತಿರುವವರು. ವರ್ಷದ ಕೊನೆಗೆ ಕೆಲಸವಿರುವುದಿಲ್ಲ ಎಂದು ಗೊತ್ತಿದ್ದೂ ಭಾನುವಾರ ಬಂದು ಲೆಕ್ಕ ಹೇಳಿಕೊಡುವವರನ್ನು ನಾನು ಬಲ್ಲೆ.

ಡಿಸೆಂಬರ್ ದಾಟಿತೆಂದರೆ ಹತ್ತನೇ ಕ್ಲಾಸಿನ ಲೋಕವೇ ಬೇರೆ. ಬೆಳಿಗ್ಗೆ ಸಂಜೆ ವಿಶೇಷ ತರಗತಿ, ಹಳ್ಳಿಯಲ್ಲಿ ಯಾರದೋ ಮನೆ ಜಗಲಿಯಲ್ಲಿ ಗುಂಪು ಅಧ್ಯಯನ, ಹಿಂದುಳಿದವರಿಗೆ ಪಾಸಿಂಗ್ ಪ್ಯಾಕೇಜು, ಪೂರ್ವಸಿದ್ಧತಾ ಪರೀಕ್ಷೆಗಳ ಸಾಲು. ಮೇಷ್ಟ್ರುಗಳು ಮಕ್ಕಳನ್ನು ಹಂಚಿಕೊಂಡು ದತ್ತು ತೆಗೆದುಕೊಳ್ಳುತ್ತಾರೆ. ಬೆಳಗಿನ ಜಾವ ಐದಕ್ಕೆ ಮನೆಗೆ ಫೋನು ಹೋಗುತ್ತದೆ: “ಎದ್ದನೇನಮ್ಮ ನಿನ್ನ ಮಗ? ಫೋನು ಅವನ ಕೈಗೆ ಕೊಡು.” ಇಷ್ಟೆಲ್ಲ ಶ್ರಮ ಜಿಲ್ಲೆಗೆ ಎಷ್ಟನೇ ಸ್ಥಾನ ಬಂತು ಎಂಬ ಒಂದೇ ಸಂಖ್ಯೆಗೆ ಇಳಿಯುವುದು ನನಗೆ ಒಪ್ಪಿಗೆಯಿಲ್ಲ. ಪರೀಕ್ಷೆಯ ನಿಯಮವೇ ನಿಲ್ಲದೆ ಬದಲಾಗುತ್ತಿದೆ. 2024ರಲ್ಲಿ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು, ಫಲಿತಾಂಶ ಕುಸಿಯಿತು, ಕೃಪಾಂಕವನ್ನು ಶೇ 20ಕ್ಕೆ ಏರಿಸಿದರು, ಮರುವರ್ಷ ಅದನ್ನು ಕೈಬಿಟ್ಟರು. ವರ್ಷಕ್ಕೆ ಮೂರು ಪರೀಕ್ಷೆಯ ಪದ್ಧತಿ ಬಂದದ್ದೂ ಅದೇ ಹೊತ್ತಿಗೆ. ಮೂರು ಪರೀಕ್ಷೆಯದು ಮಾತ್ರ ಒಳ್ಳೆಯ ತೀರ್ಮಾನ. ಮೊದಲೆಲ್ಲ ಒಂದು ಗಣಿತದಲ್ಲಿ ಹೋದ ಹುಡುಗ ಆ ಬೇಸಿಗೆಯಲ್ಲೇ ಫ್ಯಾಕ್ಟರಿ ಗೇಟಿಗೆ ಹೋಗಿ ನಿಲ್ಲುತ್ತಿದ್ದ, ಅಂಥವನಿಗೆ ಮತ್ತೆ ಬರೆಯುವ ಅವಕಾಶ ಹೆಚ್ಚಿತು.

ಪಾಠದಾಚೆಗಿನ ಚಟುವಟಿಕೆಯಲ್ಲಿ ಸರ್ಕಾರಿ ಶಾಲೆಯ ನಿಜವಾದ ಗತ್ತು ಕಾಣುವುದು ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ. ಆಗಸ್ಟ್ ಹೊತ್ತಿಗೆ ಮೈದಾನಕ್ಕೆ ಸುಣ್ಣದ ಗೆರೆ ಬೀಳುತ್ತದೆ. ಖೊಖೊ, ಕಬಡ್ಡಿ, ಥ್ರೋಬಾಲ್, ರಿಲೇ. ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ. ಬೂಟಿಲ್ಲದೆ ಓಡಿ ತಾಲ್ಲೂಕು ಗೆದ್ದ ಮಕ್ಕಳಿಗೆ ಪಿ.ಟಿ. ಮೇಷ್ಟ್ರು ತಮ್ಮ ಜೇಬಿನಿಂದ ಬೂಟು ಕೊಡಿಸುವುದು ಇಲ್ಲಿ ಹೊಸ ಸುದ್ದಿಯೇನಲ್ಲ. ಪ್ರತಿಭಾ ಕಾರಂಜಿಯಲ್ಲಿ ಜಾನಪದ ನೃತ್ಯವೆಂದರೆ ಈ ಸೀಮೆಯ ಮಕ್ಕಳಿಗೆ ಯೂಟ್ಯೂಬು ಬೇಕಿಲ್ಲ. ಬಣ್ಣದ ಸೀರೆ ಉಡಿಸಿದ ಪೂಜೆಯ ಚೌಕಟ್ಟನ್ನು ತಲೆಯ ಮೇಲೆ ಹೊತ್ತು ಕೈ ಬಿಟ್ಟು ಕುಣಿಯುವ ಪೂಜಾ ಕುಣಿತವನ್ನು ಅವರು ಊರ ಹಬ್ಬದಲ್ಲಿ ಕಂಡೇ ಬೆಳೆದಿರುತ್ತಾರೆ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ರಾಮನಗರದ ಪಕ್ಕದಲ್ಲೇ ಇದೆ. ಆದರೆ ಕರಕುಶಲದ ವಿಷಯದಲ್ಲಿ ನಾವು ಸೋತಿದ್ದೇವೆ. ಹಾಲೆ ಮರ, ಅರಗು, ಲೇತ್ ಮೂರನ್ನೂ ಬಲ್ಲ ಕುಶಲಕರ್ಮಿಗಳು ಬೀದಿಬೀದಿಯಲ್ಲಿರುವ ಚನ್ನಪಟ್ಟಣದಲ್ಲಿ ಅವರನ್ನು ವಾರಕ್ಕೊಂದು ಪಿರಿಯಡ್ಡು ತರಗತಿಗೆ ಕರೆಸುವ ಏರ್ಪಾಡು ರೂಢಿಗೆ ಬರಲೇ ಇಲ್ಲ. ಭೌಗೋಳಿಕ ಗುರುತು ಪಡೆದ ಗೊಂಬೆಯ ಊರಿನ ಹೈಸ್ಕೂಲಿನಲ್ಲಿ ಗೊಂಬೆ ಮಾಡುವುದು ಪಾಠವಾಗಬೇಕಿತ್ತು.

ಜಿಲ್ಲೆಯ ಹೆಸರೂ ಈಗ ನಗರದ ಕಡೆ ಸರಿದಿದೆ. 2007ರ ಆಗಸ್ಟ್‌ನಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಎನಿಸಿಕೊಂಡದ್ದು 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು. ಹೆಸರಿಗೂ ಮೊದಲೇ ಖಾಸಗಿ ಶಾಲೆಯ ಹಳದಿ ಬಸ್ಸುಗಳು ಹಳ್ಳಿ ಹಳ್ಳಿಗೆ ನುಗ್ಗಿದ್ದವು. ಇಂಗ್ಲಿಷ್ ಮಾಧ್ಯಮ ಬೇಕೆನ್ನುವ ತಂದೆತಾಯಿಯನ್ನು ದೂರುವುದು ಸರಿಯಲ್ಲ, ಮಗುವಿನ ಮುಂದಿನ ಬದುಕಿಗೆ ಅವರು ಕಂಡ ದಾರಿ ಅದು. ಸರ್ಕಾರ 2018-19ರಿಂದ ತೆರೆದ ಕರ್ನಾಟಕ ಪಬ್ಲಿಕ್ ಶಾಲೆಗಳು, ಅಂದರೆ ಒಂದೇ ಆವರಣದಲ್ಲಿ ಒಂದರಿಂದ ಪಿಯುಸಿವರೆಗೆ, ಜೊತೆಗೆ ಇಂಗ್ಲಿಷ್ ಮಾಧ್ಯಮದ ವಿಭಾಗ, ಇದಕ್ಕೆ ಉತ್ತರವಾಗಿ ಬಂದವು. ಶಿಕ್ಷಕರು ಪೂರ್ತಿ ಇರುವ ಕಡೆ ಅಲ್ಲಿ ಸೀಟಿಗೆ ಜನ ಕಾಯುತ್ತಾರೆ. ಬಿಡದಿಯ ಕಡೆ ಇನ್ನೊಂದು ಬಗೆ. ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಬಂದ ಉತ್ತರ ಕರ್ನಾಟಕದವರ, ಹೊರರಾಜ್ಯದವರ ಮಕ್ಕಳು ಕೂರುವುದು ಸರ್ಕಾರಿ ಶಾಲೆಯ ಬೆಂಚಿನಲ್ಲೇ. ಅದೇ ಬಿಡದಿಯಲ್ಲಿ ಟೊಯೊಟಾ ಕಂಪನಿ 2007ರಲ್ಲಿ ಆರಂಭಿಸಿದ ತಾಂತ್ರಿಕ ತರಬೇತಿ ಸಂಸ್ಥೆ ಬಡ ಹಳ್ಳಿ ಮಕ್ಕಳನ್ನು ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಆರಿಸಿ, ವಸತಿ ಕೊಟ್ಟು ಮೂರು ವರ್ಷ ಕಲಿಸುತ್ತದೆ. ಹತ್ತನೇ ಕ್ಲಾಸು ಪಾಸಾದರೆ ಏನು ಸಿಗುತ್ತದೆ ಎಂದು ಕೇಳುವ ಮಗುವಿಗೆ ಬೆರಳು ಮಾಡಿ ತೋರಿಸಲು ಅಂಥ ಬಾಗಿಲು ಇನ್ನೂ ಹತ್ತಾರು ಬೇಕು.

ಆಗಬೇಕಾದ್ದು ದೊಡ್ಡ ಪಟ್ಟಿಯೇನಲ್ಲ. ಜೂನ್ ಒಂದಕ್ಕೆ ಗಣಿತ, ವಿಜ್ಞಾನದ ಶಿಕ್ಷಕರು ಕೊಠಡಿಯಲ್ಲಿರಬೇಕು, ಆಗಸ್ಟ್‌ನಲ್ಲಲ್ಲ. ಬಸ್ಸಿಲ್ಲದ ಊರಿನ ಎಂಟನೇ ತರಗತಿಯ ಮಕ್ಕಳಿಗಾದರೂ ಸೈಕಲ್ಲು ಮತ್ತೆ ಬರಬೇಕು. ಈ ಎರಡನ್ನು ಸರ್ಕಾರವನ್ನು ಕೇಳೋಣ. ಮೂರನೆಯದು ನಮ್ಮದು. ಈ ಜಿಲ್ಲೆಯ ಸರ್ಕಾರಿ ಹೈಸ್ಕೂಲಿನಲ್ಲಿ ಓದಿ ಬೆಂಗಳೂರಿನಲ್ಲಿ ನೆಲೆಯೂರಿರುವವರು ಸಾವಿರಾರು ಜನ ಇದ್ದೀರಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಆದ ಮೇಲೆ ರಾಮನಗರ ಒಂದು ಗಂಟೆಯ ದಾರಿ. ಮುಂದಿನ ಶನಿವಾರ ಬೆಳಿಗ್ಗೆ ನಿಮ್ಮ ಶಾಲೆಗೆ ಹೋಗಿ, ಉಪಪ್ರಾಂಶುಪಾಲರನ್ನೋ ಹೆಡ್ ಮೇಷ್ಟ್ರನ್ನೋ ಕಂಡು ಯಾವ ವಿಷಯಕ್ಕೆ ಮೇಷ್ಟ್ರಿಲ್ಲ ಎಂದು ಕೇಳಿ. ನಿಮಗೆ ಬರುವ ವಿಷಯವಾದರೆ ಹತ್ತನೇ ಕ್ಲಾಸಿಗೆ ವಾರಕ್ಕೊಂದು ತರಗತಿ ತೆಗೆದುಕೊಳ್ಳಿ.