ಕಾರಿನ ಹೊಳಪು, ಅಡಿಯ ತುಕ್ಕು
ಷಿಕಾಗೋದಲ್ಲಿ ಐದು ವರ್ಷ ಓಡಿಸಿದ ಸೆಕೆಂಡ್ ಹ್ಯಾಂಡ್ ಕ್ಯಾಮ್ರಿಗೆ ವ್ಯಾಕ್ಸ್ ಹಚ್ಚಿ, ಫಳಫಳ ಹೊಳೆಯಿಸಿ ಮಾರಲು ಒಯ್ದೆ. ಡೀಲರ್ ಹುಡುಗ ಹೊಳಪು ನೋಡಲೇ ಇಲ್ಲ. ಟಾರ್ಚ್ ಹಿಡಿದು ನೇರ ಕಾರಿನಡಿ ಬಗ್ಗಿದ. ತುಕ್ಕು! ನಾನು ಕೇಳಿದ ಬೆಲೆಯಲ್ಲಿ 1,200 ಡಾಲರ್ ಕಡಿತ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿನ ಕೆಲಸ. ದಿನವಿಡೀ ಎಕ್ಸೆಲ್‌ನಲ್ಲಿ ಡಿಪ್ರಿಸಿಯೇಷನ್ ಲೆಕ್ಕ ಹಾಕುವವನ ಪಾಡು ನೋಡಿ.

ನಮ್ಮಲ್ಲಿ ಅಂಡರ್‌ಬಾಡಿ ವಾಶ್ ಪಾಸ್ ತಿಂಗಳಿಗೆ 30 ಡಾಲರ್. ಡಿಸೆಂಬರ್‌ನಿಂದ ಮಾರ್ಚ್, ಐದು ಚಳಿಗಾಲಕ್ಕೆ 600. ಈಗಿನ ಕಾರಿಗೆ ಅದನ್ನು ತಪ್ಪಿಸುವುದಿಲ್ಲ. ಪಾತ್ರೆ ಸೋಪು ವ್ಯಾಕ್ಸನ್ನೇ ಕಿತ್ತುಹಾಕುತ್ತದೆ; ಕಾರ್ ಶಾಂಪೂ, ಮೈಕ್ರೋಫೈಬರ್ ಬಟ್ಟೆ ಬಳಸಿ. ಸೀಟಿಗೆ ಚೆಲ್ಲಿದ ಸಾಂಬಾರನ್ನು ಒರೆಸಿ, ಒಣಗಿದ ಮೇಲೆ ರಾತ್ರಿ ಅಡುಗೆ ಸೋಡಾ ಉದುರಿಸಿ, ಬೆಳಗ್ಗೆ ವ್ಯಾಕ್ಯೂಮ್ ಮಾಡಿದರೆ ವಾಸನೆ ಬಹುಮಟ್ಟಿಗೆ ಹೋಗುತ್ತದೆ.